ಬಾಣಂತನದ ಚೀಲ

ಕಸ್ತೂರಿ ಅಂಟಿನುಂಡೆ ಕಟ್ಟಿ ಡಬ್ಬಿಗೆ ತುಂಬುತ್ತಿದ್ದಳು. ಮೊನ್ನೆ ಹೆತ್ತ ಅಕ್ಕನ ಬಾಣಂತನಕ್ಕೆ ಅವ್ವ ನಾಳೆ ಕೆನಡಾಕ್ಕೆ ಹೊರಡುವವಳು. ಹುಬ್ಬಳ್ಳಿ ದಾಟಿ ಗೊತ್ತಿಲ್ಲದ ಹೆಂಗಸು.

“ನಕಾಶೆದಾಗ ನೋಡಿದೆ. ಅಷ್ಟು ದೊಡ್ಡ ದೇಶದಾಗ ನಿಮ್ಮಕ್ಕನ ಓಣಿ ಯಾವುದಂತ ಯಾರನ್ನ ಕೇಳಲಿ?” ಅವ್ವ ನಕ್ಕಳು.

“ವಿಮಾನ ಇಳಿಯೂ ಕಡೆ ಭಾವ ಬರ್ತಾನ, ಕರಕೊಂಡು ಹೋಗ್ತಾನ.”

ಬೆಳಿಗ್ಗೆ ಭಾವನ ಫೋನು ಎತ್ತಿದಾಗಿನಿಂದ ಕಸ್ತೂರಿಗೆ ಅವ್ವನ ಮುಖ ನೋಡಲು ಆಗುತ್ತಿರಲಿಲ್ಲ. ಅವ್ವ ಇಲ್ಲಿಗೆ ಬಂದು ಮುಟ್ಟಲಿ, ಅಲ್ಲಿಯವರೆಗೆ ಏನೂ ಹೇಳಬೇಡ ಎಂದಿದ್ದ ಅವನು. ಉಂಡೆಯ ಡಬ್ಬಿಗೆ ಜಾಗ ಮಾಡುವವಳಂತೆ ಅವಳು ಚೀಲದಿಂದ ಒಂದೊಂದೇ ಸಾಮಾನು ತೆಗೆದಿಟ್ಟಳು.

“ಬಜಿ ಬೇರು ಯಾಕ ತಗದಿ? ಕೂಸಿಗೆ ತೇದು ನೆಕ್ಕಸಬೇಕಲ್ಲ?”

“ಬೇರು ನಾರು ಒಯ್ಯಾಕ ಬಿಡೂದಿಲ್ಲಂತ ಬೇ.”

“ಕೂಸಿನ ಎಣ್ಣಿ?”

“ಸೋರತೈತಿ.”

“ಕೂಸಿನ ತಲಿಗೆ ಹಾಕೂ ಕುಂಚಿಗಿ ಏನು ಸೋರತೈತೇನ? ನನ್ನ ಹಳೇ ಸೀರಿ ಹರದು ಹೊಲದೀನಿ.”

“ಅಲ್ಲಿ ಎಲ್ಲಾ ಸಿಗತೈತಿ ಬೇ.”

“ಮೆತ್ತಗಾದ ಹಳೇ ಸೀರಿ ಯಾವ ಅಂಗಡ್ಯಾಗ ಸಿಗತೈತಿ, ಹುಚ್ಚಿ?”

ನಗುತ್ತಲೇ ಅವ್ವ ಚೀಲದೊಳಗೆ ಕೈಯಾಡಿಸಿದಳು. ಅಳವಿ ಕಾಳು ಇತ್ತು, ಬಾಣಂತಿ ಖಾರ ಇತ್ತು, ಅಕ್ಕನ ತಲೆಗೆ ಕಟ್ಟುವ ಅರಿವೆಯೂ ಇತ್ತು. ಅವಳ ಕೈ ಅಲ್ಲೇ ನಿಂತಿತು.

“ನಿಮ್ಮಕ್ಕನ ಸಾಮಾನು ಒಂದೂ ತಗದಿಲ್ಲ ನೀ. ಬರೇ ಕೂಸಿಂದಷ್ಟೇ ತಗದಿ.”

ಕಸ್ತೂರಿ ಡಬ್ಬಿಯ ಮುಚ್ಚಳ ಒತ್ತುತ್ತಲೇ ಇದ್ದಳು.

ಅವ್ವ ನೆಲಕ್ಕೆ ಕೂತಳು. “ಫೋನ್ ಹಚ್ಚವಾ. ಕೂಸು ಅಳೂದು ಒಂದ ಸಲ ಕೇಳಸು.”