ಮೊದಲು ಪಿನ್ ಕೋಡ್ ಹೇಳಿ

ಶಾವಂತ್ರವ್ವ ಅಂಗಳದಲ್ಲಿ ನಿಂತು ಮೊಬೈಲ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದ್ದಳು. ದೂರು ಹೇಳಲು ಬಾಯಿ ತೆರೆದಾಗಲೆಲ್ಲ ಆ ಕಡೆಯವನು ತಡೆಯುತ್ತಿದ್ದ.

"ದೂರು ಆಮೇಲೆ, ಮೇಡಂ. ಮೊದಲು ಊರು, ಪಿನ್ ಕೋಡ್ ಹೇಳಿ."

"ಹೊಸೂರ ಅಂತ ಎಷ್ಟ ಸಲ ಹೇಳ್ಲೋ ತಮ್ಮಾ? ಪಿನ್ ಕೋಡೂ ಹೇಳೇನಿ."

"ಆ ಪಿನ್ ಕೋಡ್ ಹಾಕಿದ್ರೆ ಹೊಸೂರು ಬರ್ತಿಲ್ಲ. ಹೊಸೂರು ಅಂತ ಹಾಕಿದ್ರೆ ರಾಜ್ಯದ ಹೊಸೂರೆಲ್ಲ ಬರ್ತಿವೆ, ನಿಮ್ಮ ತಾಲ್ಲೂಕಿಂದು ಮಾತ್ರ ಇಲ್ಲ."

"ನಾ ಹುಟ್ಟಿದ್ದೂ ಇಲ್ಲೇ, ಲಗ್ನ ಆಗಿದ್ದೂ ಇಲ್ಲೇ. ಊರ ಇಲ್ಲಂದ್ರ ಹೆಂಗೋ? ಬಾಜೂ ಊರಿನ ಹೆಸರ್ಲೇ ಬರಕೋ ಹೋಗ."

"ಹಾಗೆಲ್ಲ ಆಗಲ್ಲ, ಮೇಡಂ."

ಕೀಲಿಮಣೆ ಕುಟ್ಟುವ ಸದ್ದು ಬಹಳ ಹೊತ್ತು ಕೇಳಿಸಿತು. ಶಾವಂತ್ರವ್ವ ಹಲ್ಲು ಕಡಿಯುತ್ತ ಕಾದಳು.

"ಮ್ಯಾಪ್‌ನಲ್ಲೂ ನೋಡಿದೆ, ಮೇಡಂ. ಅಲ್ಲಿ ಮನೆಗಳೂ ಇಲ್ಲ, ನಮ್ಮ ಸಿಗ್ನಲ್ಲೂ ಇಲ್ಲ. ಅಲ್ಲಿಂದ ನೀವು ಫೋನ್ ಮಾಡೋಕೆ ಸಾಧ್ಯವೇ ಇಲ್ಲ."

ಶಾವಂತ್ರವ್ವ ತಲೆ ಎತ್ತಿ ನೋಡಿದಳು.

"ಇನ್ನ ಸ್ವಲ್ಪ ತಡಿ ತಮ್ಮಾ, ನಿನ್ನ ಮಾತು ಖರೇ ಆಗತೈತಿ. ನಿಮ್ಮ ಟವರ್ ನಮ್ಮ ಮನಿ ಮ್ಯಾಲ ವಾಲಿ ನಿಂತೈತಿ."