ಗಂಡನ ಹೆಸರು

ದೇಶವೆಲ್ಲ ಡಿಜಿಟಲ್ ಆದಮೇಲೆ ಸರ್ಕಾರದ ಯಂತ್ರಗಳು ಪ್ರತಿಯೊಬ್ಬರ ಜೊತೆಗೂ ಅವರವರ ಮನೆಯವರ ದನಿಯಲ್ಲೇ ಮಾತಾಡುತ್ತಿದ್ದವು. ಹಾಗಾಗಿ ಮುದುಕಿ ತಂಗೆವ್ವನಿಗೆ ರೇಷನ್ ಅಂಗಡಿಯೆಂದರೆ ಸತ್ತ ಗಂಡ ಸಿಗುವ ಜಾಗ. "ಚೀಲ ಅಗಲ ಹಿಡಿ, ಜೋಳ ಚೆಲ್ಲೀತು!" ಎಂದು ಯಂತ್ರ ಗದರಿದರೆ ಅವಳ ಏಳು ಜನ್ಮದ ಹಸಿವು ಇಂಗುತ್ತಿತ್ತು.

ಈ ತಿಂಗಳು ಮಾತ್ರ ಅದು ಒಂದೇ ಹಟ ಹಿಡಿದಿತ್ತು: "ಗಂಡನ ಹೆಸರು ಹೇಳು."

"ಗಂಡನ ಹೆಸರು ಬಾಯಾಗ ಬಂದ್ರ ಭೂಮಿ ಬಿರಿದು ನಿನ್ನ ಅಂಗಡೀನೂ ನುಂಗತೈತೋ!" ಎಂದು ತಂಗೆವ್ವ ಅಂಗಡಿಯ ಮೌಲಾಸಾಬನನ್ನು ನೋಡಿ ನಕ್ಕಳು.

ಅವನು ನಗಲಿಲ್ಲ. "ಹೇಳಿದ್ರ ಆ ಹೆಸರು ಸತ್ತವರ ಪಟ್ಟಿಗೆ ಸೇರಿ ಕಾಕಾನ ದನಿ ಹೋಗತೈತಿ ಚಿಗವ್ವಾ. ಹೇಳದಿದ್ರ ಜೋಳ ಇಲ್ಲ. ಬರೇ ನೀರು ಕುಡದು ಎಷ್ಟ ದಿನ ಇರತಿ?"

ತಂಗೆವ್ವ ಯಂತ್ರದ ಹತ್ತಿರ ಬಗ್ಗಿದಳು. "ಬದುಕಿದ್ದಾಗೂ ಇದನ್ನ ಕೇಳತಿದ್ದಿ. ಆಗ ನಾಚಿಕಿ ಬರತಿತ್ತು," ಎಂದು ಪಿಸುಗುಟ್ಟಿ, ಬಾಳಿನಲ್ಲೇ ಮೊದಲ ಸಲ, "ಕಲ್ಲಪ್ಪ" ಎಂದಳು.

"ಧನ್ಯವಾದಗಳು," ಎಂದಿತು ಯಾರೋ ಹೆಂಗಸಿನ ದನಿ.

ಜೋಳ ಸುರಿಯತೊಡಗಿತು. ಚೀಲ ಅಗಲ ಹಿಡಿ ಎಂದು ಗದರಲಿ ಎಂದು ತಂಗೆವ್ವ ಕಾದೇ ಕಾದಳು. ಜೋಳವೆಲ್ಲ ಅವಳ ಪಾದದ ಮೇಲೆ ಬಿತ್ತು.