ಇಪ್ಪತ್ತನೆಯ ಅಡ್ಮಿಷನ್

"ನೋಂದಣಿಗೆ ಎರಡು ಸಾವಿರ. ಕೋರ್ಸಿಗೆ ನಲವತ್ತೆಂಟು ಸಾವಿರ, ಮೂರು ಕಂತಿನಲ್ಲಿ ಕಟ್ಟಬಹುದು. ಪಿಯುಸಿಯಲ್ಲಿ ಐವತ್ತು ಪರ್ಸೆಂಟ್ ಇರ್ಬೇಕು. ಮಾರ್ಕ್ಸ್ ಕಾರ್ಡು, ಟಿಸಿ, ಆಧಾರ್, ನಾಲ್ಕು ಫೋಟೋ," ಎಂದಳು ಸಂಸ್ಥೆಯ ಅಡ್ಮಿಷನ್ ಮೇಜಿನಲ್ಲಿ ಕೂತಿದ್ದ ನವ್ಯಾ. ದಿನಕ್ಕೆ ಹತ್ತು ಸಲ ಹೇಳುವ ಮಾತಾದ್ದರಿಂದ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆನ್ನುವುದೂ ಅವಳಿಗೆ ಬಾಯಿಪಾಠವಾಗಿತ್ತು.

"ಯೂನಿಫಾರ್ಮು?"

"ಅದು ಬೇರೆ. ಪರೀಕ್ಷೆ ಫೀಸೂ ಬೇರೆ."

"ಬಿಸಿನೆಸ್ ಕಲಿಲಿಕ್ಕೆ ಯೂನಿಫಾರ್ಮು ಎಂತಕ್ಕೆ?"

ನವ್ಯಾ ಬ್ರೋಷರನ್ನು ಅವರ ಕಡೆ ಸರಿಸಿದಳು.

ಕೇಳಿದವರು ಡೊಂಬಯ್ಯ ಗೌಡರು. ಮೊಮ್ಮಗಳು ಯಶಸ್ವಿಯನ್ನು ಬಿಸಿನೆಸ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾಕ್ಕೆ ಸೇರಿಸಲು ಐವರ್ನಾಡಿನಿಂದ ಬೆಳಗಿನ ಬಸ್ಸಿಗೆ ಒಬ್ಬರೇ ಪುತ್ತೂರಿಗೆ ಬಂದಿದ್ದರು. ನೋಂದಣಿ ಹಣ ಜೇಬಿನಲ್ಲೇ ಇತ್ತು. ಆದರೆ ವಿಚಾರಿಸದೆ ಜೇಬಿಗೆ ಕೈಹಾಕುವ ಮನುಷ್ಯ ಅವರಲ್ಲ. ದನ ಕೊಳ್ಳುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತೆಂದು ಕೇಳುವವರು, ಹೆಣ್ಣು ನೋಡಲು ಹೋದರೆ ಬರುವಾಗ ನೆರೆಮನೆಯ ಜಗಲಿಯಲ್ಲೂ ಒಂದು ಗಳಿಗೆ ಕೂತು ಬರುವವರು.

ಇಂಥ ಗಿರಾಕಿ ಇವತ್ತೇ ಬರಬೇಕಿತ್ತೇ ಎಂದುಕೊಂಡಳು ನವ್ಯಾ. ಈ ಬ್ಯಾಚಿಗೆ ಇಪ್ಪತ್ತು ಅಡ್ಮಿಷನ್ ಆಗದಿದ್ದರೆ ಸೋಮವಾರದಿಂದ ಕೆಲಸಕ್ಕೆ ಬರುವುದು ಬೇಡ ಎಂದು ಸಂಸ್ಥೆಯ ಯಜಮಾನ ಹರಿಪ್ರಸಾದ್ ಹೇಳಿಬಿಟ್ಟಿದ್ದರು. ಹತ್ತೊಂಬತ್ತು ಆಗಿತ್ತು. ಇವತ್ತು ಶನಿವಾರ. ಗಾಜಿನ ಕೋಣೆಯೊಳಗೆ ಅವರು ಮೊಬೈಲಿನಲ್ಲಿ ಮಾತಾಡುತ್ತಲೇ ಒಂದು ಕಣ್ಣನ್ನು ಇತ್ತ ಇಟ್ಟಿದ್ದರು.

"ಕೋರ್ಸು ಮುಗಿದ ಮೇಲೆ ಕೆಲಸ ಉಂಟಾ?"

"ನೂರಕ್ಕೆ ನೂರು ಪ್ಲೇಸ್‌ಮೆಂಟ್ ನೆರವು ಉಂಟು ಸರ್."

ಡೊಂಬಯ್ಯ ತಲೆಯಾಡಿಸಿ ಎದ್ದರು. ಹೊರಟೇ ಹೋದರೆಂದುಕೊಂಡಳು ನವ್ಯಾ. ಅವರು ಹೋದದ್ದು ಗೋಡೆಯ ಹತ್ತಿರ. ಹೋದ ವರ್ಷದ ಬ್ಯಾಚಿನ ಮೂವತ್ತೆರಡು ಮಂದಿ ಕಪ್ಪು ಕೋಟು ಹಾಕಿಕೊಂಡು ನಗುತ್ತಿದ್ದ ದೊಡ್ಡ ಫೋಟೋ ಅಲ್ಲಿತ್ತು. ಕನ್ನಡಕವನ್ನು ಹಣೆಗೇರಿಸಿ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಕೇಳತೊಡಗಿದರು.

"ಇವಳು ಈಗ ಎಲ್ಲಿ?"

"ಮಂಗಳೂರಲ್ಲಿ ಇರ್ಬೇಕು ಸರ್."

"ಈ ಉದ್ದದವ?"

"ಬೆಂಗಳೂರು ಅಂತ ಕಾಣ್ತದೆ."

ಬೆರಳು ಎರಡನೇ ಸಾಲಿನಲ್ಲಿ ನಿಧಾನವಾಗಿ ಸರಿದು ಒಂದು ಕಡೆ ನಿಂತಿತು. ಡೊಂಬಯ್ಯ ಫೋಟೋ ನೋಡಿದರು, ತಿರುಗಿ ಮೇಜಿನ ಕಡೆ ನೋಡಿದರು.

"ಇದು ನೀವೇ ಅಲ್ವಾ?"

"ಹೌದು ಸರ್."

ಅವರಿಗೆ ಖುಷಿಯಾಯಿತು. ವಾಪಸು ಬಂದು ಕೂತರು. ಇನ್ನು ಫೀಸಿನ ಮಾತು ಹಿಂದೆ ಬಿತ್ತು. ಊರು ಯಾವುದು ಎಂದರು. ಕಡಬ ಎಂದಳು. ಮನೆ ಹೆಸರು ಕೇಳಿದರು, ತಾಯಿಯ ತವರು ಕೇಳಿದರು. ಐವರ್ನಾಡಿನ ಬಾಳೆಕಜೆ ಎಂಬ ಹೆಸರು ಅವಳ ಬಾಯಿಂದ ಬಂದದ್ದೇ ತಡ, ಡೊಂಬಯ್ಯ ಮೇಜಿನ ಮೇಲಕ್ಕೆ ಬಾಗಿದರು.

"ಕಮಲಾವತಿಯ ಮಗಳಾ ನೀನು? ನಿನ್ನ ಅಮ್ಮನ ಮದುವೆಯಲ್ಲಿ ಪಾಯಸ ಬಡಿಸಿದ್ದು ನಾನು ಮಾರಾಯ್ತಿ. ನಿನ್ನ ಅಜ್ಜಿ ನನಗೆ ಅಕ್ಕ ಆಗ್ಬೇಕು. ನಾನು ನಿನಗೆ ಅಜ್ಜ."

ಸಂಬಂಧ ಸಿಕ್ಕಿದ ಮೇಲೆ ನಮ್ಮ ಕಡೆ ಯಾರೂ ಗಿರಾಕಿಯಾಗಿ ಉಳಿಯುವುದಿಲ್ಲ. 'ನೀವು' ಹೋಗಿ 'ನೀನು' ಬಂದಾಗಿತ್ತು. ಡೊಂಬಯ್ಯ ದನಿ ಇಳಿಸಿದರು.

"ಈಗ ನನ್ನ ಹತ್ರ ಸರಿ ಹೇಳು. ಇವರೆಲ್ಲ ಎಂತ ಮಾಡ್ತಾ ಇದ್ದಾರೆ?"

ನವ್ಯಾ ಗಾಜಿನ ಕೋಣೆಯ ಕಡೆ ನೋಡಿದಳು. ಬ್ರೋಷರಿನ ಮಾತು ನಾಲಿಗೆಯ ತುದಿಗೆ ಬಂತು, ಆದರೆ ಅಮ್ಮನ ಮದುವೆಯಲ್ಲಿ ಬಡಿಸಿದವರಿಗೆ ಅದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು.

"ಮೊದಲು ಕೇಳಿದ್ರಲ್ಲ, ಆ ಹುಡುಗಿ ಸುಪ್ರೀತಾಗೆ ಮದುವೆ ಆಯ್ತು, ನೆಲ್ಯಾಡಿಯಲ್ಲಿ ಇದ್ದಾಳೆ. ಉದ್ದದವ ಅವನ ಅಪ್ಪನ ಗೂಡಂಗಡಿಯಲ್ಲೇ ಕೂರುದು. ಅವನ ಪಕ್ಕದವಳು ಉಪ್ಪಿನಂಗಡಿಯಲ್ಲಿ ಬಟ್ಟೆ ಅಂಗಡಿಯಲ್ಲಿ ಇದ್ದಾಳೆ."

"ಅದು ಕೆಲಸವೇ ಅಲ್ವಾ?"

"ಕೋರ್ಸಿಗೆ ಸೇರುವ ಮೊದಲೂ ಅವಳು ಅಲ್ಲೇ ಇದ್ದದ್ದು ಅಜ್ಜ."

ಡೊಂಬಯ್ಯನವರಿಗೆ ನಗು ಬಂತು. ಅವಳೂ ನಕ್ಕಳು.

"ಹಾಗಾದ್ರೆ ಈ ಕೋರ್ಸು ಕಲಿತು ಕೆಲಸ ಸಿಕ್ಕಿದವರು ಯಾರೂ ಇಲ್ವಾ?"

"ಒಬ್ಬಳಿಗೆ ಸಿಕ್ಕಿದೆ."

"ಯಾರಿಗೆ?"

"ನನಗೆ. ಇದೇ ಕೆಲಸ. ಅಡ್ಮಿಷನ್ ಮಾಡಿಸುದು."

ಹೇಳಿಬಿಟ್ಟ ಮೇಲೆ ಅವಳಿಗೆ ಹಗುರವೂ ಆಯಿತು, ಹೆದರಿಕೆಯೂ ಆಯಿತು. ಇಪ್ಪತ್ತನೆಯ ಅಡ್ಮಿಷನ್ ಎದ್ದು ಬಸ್‌ಸ್ಟ್ಯಾಂಡಿನ ಕಡೆ ಹೋಗುವುದು ಖಂಡಿತ ಎನಿಸಿತು. ಸೋಮವಾರ ಬೆಳಿಗ್ಗೆ ಅಮ್ಮನಿಗೆ ಏನು ಹೇಳುವುದೆಂದು ಯೋಚಿಸತೊಡಗಿದಳು.

ಡೊಂಬಯ್ಯ ಏಳಲಿಲ್ಲ. ಅವರ ಕೈ ಜೇಬಿಗೆ ಹೋಗಿ ಅಲ್ಲಿಯೇ ನಿಂತಿತ್ತು. ಮನಸ್ಸಿನಲ್ಲೇ ಏನನ್ನೋ ಕೂಡಿಸಿ ಕಳೆಯುತ್ತಿರುವಂತೆ ಅವಳ ಮುಖವನ್ನು ನೋಡುತ್ತ ಕೂತಿದ್ದರು. ಕೊನೆಗೆ, ಇದುವರೆಗೆ ಕೇಳಿದ್ದಕ್ಕಿಂತ ಮೆಲ್ಲಗೆ ಕೇಳಿದರು.

"ಹಾಗಾದ್ರೆ ಮಗಳೇ, ನಮ್ಮ ಯಶಸ್ವಿ ಕೋರ್ಸು ಮುಗಿಸಿ ಈ ಕುರ್ಚಿಗೆ ಬಂದ ಮೇಲೆ ನೀನು ಎಲ್ಲಿಗೆ ಹೋಗುದು?"